ಬರೀ ಡ್ರಾಪ್ಸ್ ಹಾಕುವ ಕೆಲಸ ಅಲ್ಲ
ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿದ ತಂಗಿ ಕಣ್ಣಿನ ಆಸ್ಪತ್ರೆಗೆ ಸೇರಿದರೆ ಬರೀ ಡ್ರಾಪ್ಸ್ ಹಾಕಿಕೊಂಡಿರಬೇಕಾ ಅಂತ ಕೇಳಿದ್ದೀರಿ. ಆ ಡ್ರಾಪ್ಸನ್ನೇ ತೆಗೆದುಕೊಳ್ಳಿ. ಕೆಳರೆಪ್ಪೆ ಎಳೆದು ಒಂದೇ ಹನಿ ಹಾಕಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ಔಷಧ ಮೂಗಿಗಿಳಿದು ರಕ್ತಕ್ಕೆ ಸೇರುತ್ತದೆ. ಗ್ಲಾಕೋಮಾಕ್ಕೆ (ಕಣ್ಣಿನ ಒತ್ತಡದ ಕಾಯಿಲೆ) ಹಾಕುವ ಟಿಮೊಲಾಲ್ ಡ್ರಾಪ್ಸ್ ಆದರೆ ಆಸ್ತಮಾ ಇರುವವರಿಗೆ ಅಪಾಯ, ಅದನ್ನು ಮೊದಲೇ ಕೇಳಿಕೊಳ್ಳುವುದೂ ನರ್ಸ್ ಕೆಲಸವೇ.

ಕಣ್ಣಿಗೆ ಸುಣ್ಣ ಬಿದ್ದು ಬಂದರೆ ಹೆಸರು, ಊರು ಎಲ್ಲ ಆಮೇಲೆ. ತಕ್ಷಣ ಸಲೈನ್‌ನಲ್ಲಿ ತೊಳೆಯುತ್ತಲೇ ರೆಪ್ಪೆ ಮಗುಚಿ ಚೂರು ತೆಗೆಯಬೇಕು. ಅರ್ಧ ಗಂಟೆಯಾದರೂ ಸರಿ, ಕಣ್ಣಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 7ರ ಹತ್ತಿರ ಬರುವವರೆಗೆ ನಿಲ್ಲಿಸುವಂತಿಲ್ಲ.

ಪೊರೆ ಆಪರೇಷನ್ ದಿನ ಎಡಗಣ್ಣಾ, ಬಲಗಣ್ಣಾ ಅಂತ ಮತ್ತೆ ಮತ್ತೆ ಕೇಳುತ್ತೇವೆ. ಅಜ್ಜಿಯರು ಬೈಯುತ್ತಾರೆ, ಬೈಸಿಕೊಳ್ಳುತ್ತೇವೆ! ತಂಗಿಗೆ ಕೈ ನಡುಗದಿದ್ದರೆ, ತಾಳ್ಮೆ ಜಾಸ್ತಿ ಇದ್ದರೆ ಧೈರ್ಯವಾಗಿ ಸೇರಲಿ.