ಕೆನಡಾದ ಎರಾಮೋಸಾ ನದಿ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ?

ಇದು ದಕ್ಷಿಣ ಒಂಟಾರಿಯೊದ ಚಿಕ್ಕ ನದಿ. ಎರಿನ್ ಕಡೆ ಹುಟ್ಟಿ, ರಾಕ್‌ವುಡ್, ಈಡನ್ ಮಿಲ್ಸ್ ಹಳ್ಳಿಗಳನ್ನು ದಾಟಿ ಗ್ವೆಲ್ಫ್ ಊರಲ್ಲಿ ಸ್ಪೀಡ್ ನದಿಗೆ ಸೇರುತ್ತದೆ. ಸ್ಪೀಡ್ ಹೋಗಿ ಗ್ರ್ಯಾಂಡ್ ನದಿಗೆ, ಗ್ರ್ಯಾಂಡ್ ಹೋಗಿ ಈರಿ ಸರೋವರಕ್ಕೆ. ಅಂದ್ರೆ ಉಪನದಿಯ ಉಪನದಿ!

ನೋಡಬೇಕಾದ್ದು ಮಾತ್ರ ರಾಕ್‌ವುಡ್‌ನಲ್ಲಿದೆ. ಹಿಮಯುಗದ ಕೊನೆಗೆ ಹಿಮನದಿ ಕರಗಿ ನೀರು ಭೋರ್ಗರೆದು ಹರಿಯಿತು. ಸುಳಿಗೆ ಸಿಕ್ಕ ಕಲ್ಲುಗಳು ಗರಗರ ತಿರುಗಿ, ಸುಣ್ಣಕಲ್ಲಿನ ಜಾತಿಯ ಬಂಡೆಯಲ್ಲಿ ಒರಳಿನಂಥ ಗುಂಡಿಗಳನ್ನು ಕೊರೆದವು. ಅಂಥವು 200ಕ್ಕೂ ಜಾಸ್ತಿ ಇವೆ. ಈಗಿನ ನದಿಗೆ ಅಷ್ಟು ಬಲವಿಲ್ಲ ಬಿಡಿ.

ಇದರ ನೀರಿನ ಒಂದು ಪಾಲನ್ನು ಆರ್ಕೆಲ್ ಬಳಿ ನೆಲಕ್ಕೆ ಇಂಗಿಸಿ, ಅಲ್ಲಿನ ಬುಗ್ಗೆಗಳಿಂದ ಗ್ವೆಲ್ಫ್ ಜನರಿಗೆ ಕುಡಿಯಲು ಕೊಡುತ್ತಾರೆ.