ಜಾತಕದ ಜತೆ ರಕ್ತದ ರಿಪೋರ್ಟೂ ಇರಲಿ

ಗಂಗಾವತಿಯ ಹಿರಿಯ ಓದುಗರೊಬ್ಬರು ಬರೆದಿದ್ದಾರೆ. ಅವರ ತಂಗಿಯ ಮೊಮ್ಮಗನಿಗೆ ಥಲಸ್ಸೇಮಿಯಾ, ಮೈಯಲ್ಲಿ ಸರಿಯಾದ ರಕ್ತ ತಯಾರಾಗದ ಕಾಯಿಲೆ. ತಿಂಗಳು ತುಂಬುವುದರೊಳಗೆ ರಕ್ತ ಹಾಕಿಸಬೇಕು. ‘ವಂಶದಲ್ಲೇ ಬಂದದ್ದು, ಹಣೆಬರಹ. ಅಮೆರಿಕದಲ್ಲಿ ಜೀನ್ ಚಿಕಿತ್ಸೆ ಬಂದಿದೆಯಂತೆ, ಸರ್ಕಾರ ತರಿಸಲಿ ಅಂತ ಬರೆಯಿರಿ’ ಎಂದು ಕೇಳಿದ್ದಾರೆ.

ಬಂದಿರುವುದು ನಿಜ ಯಜಮಾನರೇ. ಕ್ಯಾಸ್ಜೆವಿ ಅಂತ ಹೆಸರು, 2023ರ ಕೊನೆಗೆ ಮೊದಲು ಬ್ರಿಟನ್ ಒಪ್ಪಿತು. ವಿಜ್ಞಾನಿಗಳಿಗೆ ದೊಡ್ಡ ನಮಸ್ಕಾರ. ಆದರೆ ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್, ನಮ್ಮ ದುಡ್ಡಲ್ಲಿ 18 ಕೋಟಿಗೂ ಜಾಸ್ತಿ. ನೀವು ಕ್ಯಾರಿಯರ್, ಅಂದರೆ ತಮಗೆ ಕಾಯಿಲೆ ಇಲ್ಲದಿದ್ದರೂ ಅದರ ಜೀನ್ ಹೊತ್ತವರು, ಹೌದೋ ಅಲ್ಲವೋ ಅಂತ ಹೇಳುವ ರಕ್ತಪರೀಕ್ಷೆಗೆ ಲ್ಯಾಬಿನಲ್ಲಿ ಸಾವಿರದ ಆಸುಪಾಸು. ಲೆಕ್ಕ ನೀವೇ ಹಾಕಿ.

ಹಣೆಬರಹ ಅಂದಿರಲ್ಲ, ಅದಕ್ಕೆ ನನ್ನ ತಕರಾರು. ಗಂಡ ಹೆಂಡತಿ ಇಬ್ಬರೂ ಕ್ಯಾರಿಯರ್ ಆಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಒಂದು ಮಗುವಿಗೆ ಬಂತು, ಇನ್ನು ಮೂರಕ್ಕೆ ಬರಲ್ಲ ಅಂತಲ್ಲ. ಕ್ಯಾರಿಯರ್ ಆದವರು ಗಟ್ಟಿಮುಟ್ಟಾಗೇ ಇರುತ್ತಾರೆ, ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) ಸ್ವಲ್ಪ ಕಡಿಮೆ ಅಷ್ಟೇ, ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟು ಮನೆಗೆ ಕಳಿಸಿಬಿಡುತ್ತಾರೆ. ಅಕ್ಕನ ಮಗಳು, ಮಾವನ ಮಗಳು ಅಂತ ಸಂಬಂಧದೊಳಗೇ ಹೆಣ್ಣು ತರುವ ನಮ್ಮ ಕಡೆ ಇಬ್ಬರೂ ಕ್ಯಾರಿಯರ್ ಆಗಿರುವ ಸಾಧ್ಯತೆ ಇನ್ನೂ ಜಾಸ್ತಿ.

ರಕ್ತ ಹಾಕುವ ವಾರ್ಡಿನಲ್ಲಿ ಒಬ್ಬ ಹುಡುಗನನ್ನು ನೋಡಿದೆ. ಆರೇಳು ವರ್ಷ ಇರಬೇಕು. ಸಿಸ್ಟರ್ ಸೂಜಿ ಹಿಡಿದು ಬಂದರೆ ಅಳಲಿಲ್ಲ, ‘ಈ ಕೈಯಾಗ ನರ ಸಿಗಂಗಿಲ್ರಿ’ ಅಂತ ತಾನೇ ಇನ್ನೊಂದು ಕೈ ಚಾಚಿದ. ಅವರಮ್ಮ ಬಸ್ ಟಿಕೆಟುಗಳನ್ನೆಲ್ಲ ಒಂದು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಟ್ಟುಕೊಂಡಿದ್ದರು.

ಸೈಪ್ರಸ್ ಪುಟ್ಟ ದೇಶ. ಅಲ್ಲಿ ಸುಮಾರು ಏಳು ಜನರಲ್ಲಿ ಒಬ್ಬರು ಕ್ಯಾರಿಯರ್. 1970ರ ದಶಕದಲ್ಲಿ ತಪಾಸಣೆ ಶುರು ಮಾಡಿದರು. ಮುಂದೆ ಚರ್ಚಿನವರೇ ಮದುವೆಗೆ ಮುಂಚೆ ಪರೀಕ್ಷೆಯ ಸರ್ಟಿಫಿಕೇಟ್ ಕೇಳತೊಡಗಿದರು. ಮದುವೆ ಆಗಬೇಡಿ ಅನ್ನಲಿಲ್ಲ, ಗೊತ್ತಿದ್ದು ಆಗಿ ಅಂದರು. ಬಸಿರಿನಲ್ಲೇ ಪರೀಕ್ಷೆ ಮಾಡುವ ಏರ್ಪಾಡೂ ಬಂತು. ಈ ಕಾಯಿಲೆಯ ಮಕ್ಕಳು ಹುಟ್ಟುವುದು ಹೆಚ್ಚುಕಮ್ಮಿ ನಿಂತೇಹೋಯಿತು. ನಮ್ಮ ಐನೋರು ಗಣ, ನಾಡಿ ನೋಡುತ್ತಾರೆ, ನಾವು ಡಿಜೆಗೆ ಅಡ್ವಾನ್ಸ್ ಕೊಟ್ಟು ಬರುತ್ತೇವೆ.

ಸರ್ಕಾರದ್ದೂ ಇದೇ ಕಥೆ. ರಿಬ್ಬನ್ ಕತ್ತರಿಸುವಂಥ ಕೆಲಸ ಇದ್ದರೆ ಎಲ್ಲರೂ ಬರುತ್ತಾರೆ, ಕಾಲೇಜು ಹುಡುಗರ ರಕ್ತ ಪರೀಕ್ಷೆ ಮಾಡಿಸಿದರೆ ಫೋಟೋ ಚೆನ್ನಾಗಿ ಬರಲ್ಲ ನೋಡಿ. ರಾಯಚೂರಿನವರು ಏಮ್ಸ್, ಅಂದರೆ ಕೇಂದ್ರದ ದೊಡ್ಡಾಸ್ಪತ್ರೆ, ಬೇಕು ಅಂತ 2022ರಲ್ಲಿ ಧರಣಿ ಕೂತರು, ಕೂತೇ ಇದ್ದರು. ನಮ್ಮ ಜನ ಇವತ್ತಿಗೂ ಹೈದರಾಬಾದ್ ಬಸ್ಸನ್ನೇ ಕಾಯಬೇಕು.

ನಿಮ್ಮ ತಂಗಿಯ ಮೊಮ್ಮಗನಿಗೆ ಒಡಹುಟ್ಟಿದವರ ಅಸ್ಥಿಮಜ್ಜೆ, ಅಂದರೆ ಮೂಳೆಯೊಳಗೆ ರಕ್ತ ಹುಟ್ಟಿಸುವ ತಿರುಳು, ಹೊಂದುತ್ತದಾ ಅಂತ ಡಾಕ್ಟರನ್ನು ಕೇಳಿ. ಹೊಂದಿದರೆ ಕಸಿಗೆ ಬಡ ಕುಟುಂಬಗಳಿಗೆ 10 ಲಕ್ಷದವರೆಗೆ ಕೊಡುವ ಕೋಲ್ ಇಂಡಿಯಾ ಯೋಜನೆಯೊಂದಿದೆ, ವಿಚಾರಿಸಿ. ಮತ್ತೆ, ಆ ಹುಡುಗನ ಅಕ್ಕನನ್ನು ಸೋದರಮಾವನಿಗೇ ಕೊಡುವ ಮಾತು ನಡೆದಿದೆ ಅಂತ ಪತ್ರದ ಕೊನೆಗೆ ಸುಮ್ನೆ ಒಂದು ಸಾಲಲ್ಲಿ ಬರೆದಿದ್ದೀರಿ. ನಿಶ್ಚಯ ಮುಂದಕ್ಕೆ ಹಾಕಿ. ಮೊದಲು ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಿ.

— ಸಂ.