23ನೇ ಸ್ಥಾನದಲ್ಲಿದ್ದ ಹುಡುಗಿ

ಪ್ರಶ್ನೆ: ಮಗಳಿಗೆ 14 ವರ್ಷ. ಆರು ವರ್ಷದಿಂದ ರಿದಮಿಕ್ ಜಿಮ್ನಾಸ್ಟಿಕ್ಸ್ (ಸಂಗೀತಕ್ಕೆ ತಕ್ಕಂತೆ ರಿಬ್ಬನ್, ಚೆಂಡು ಹಿಡಿದು ಮಾಡುವ ಜಿಮ್ನಾಸ್ಟಿಕ್ಸ್) ಕಲಿಯುತ್ತಿದ್ದಾಳೆ. ಈ ಸಲ ದೊಡ್ಡ ಸ್ಪರ್ಧೆಯಲ್ಲಿ 19ನೇ ಸ್ಥಾನ ಬಂತು. ‘ನಮ್ಮ ದೇಶದಲ್ಲಿ ಇದರಲ್ಲಿ ಯಾರು ಮುಂದೆ ಬಂದಿದ್ದಾರೆ? ಎಸ್ಸೆಸ್ಸೆಲ್ಸಿ ಹತ್ತಿರ ಬಂತು, ಬಿಡಿಸಿಬಿಡು’ ಅನ್ನುತ್ತಾರೆ ನಮ್ಮ ಯಜಮಾನರು. ಅವಳು ರಿಬ್ಬನ್ ಎತ್ತಿಟ್ಟಿದ್ದಾಳೆ. ಎರಡು ವಾರದಿಂದ ಸರಿಯಾಗಿ ಮಾತಾಡುತ್ತಿಲ್ಲ. ಏನು ಮಾಡಲಿ?
– ಒಬ್ಬ ತಾಯಿ, ಮೈಸೂರು

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿದಾಗಿನಿಂದ ಮನಸ್ಸಿನಲ್ಲಿ ಉಳಿದದ್ದು ಆ ಎರಡು ವಾರದ ಮೌನ. ಅದಕ್ಕೆ ಬರುತ್ತೇನೆ. ಮೊದಲು 19ನೇ ಸ್ಥಾನದ ಭಾರ ಇಳಿಸೋಣ.

ಕೆನಡಾದ ವ್ಯಾಂಕೂವರ್‌ನ ಲೋರಿ ಫಂಗ್ ಕಥೆಯನ್ನು ಮಗಳಿಗೆ ಹೇಳಿ. ಆಗ ಈ ಆಟ ಅಂದರೆ ಬಲ್ಗೇರಿಯಾ, ಸೋವಿಯತ್ ಒಕ್ಕೂಟ. ಕೆನಡಾದವರು ಯಾರ ಲೆಕ್ಕದಲ್ಲೂ ಇರಲಿಲ್ಲ. 1983ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಫಂಗ್‌ಗೆ ಸಿಕ್ಕಿದ್ದು 23ನೇ ಸ್ಥಾನ. ಮರುವರ್ಷ ಲಾಸ್ ಏಂಜಲೀಸ್‌ನಲ್ಲಿ ಈ ಆಟ ಮೊದಲ ಸಲ ಒಲಿಂಪಿಕ್ಸ್‌ಗೆ ಬಂತು. ಅದಕ್ಕೆ ಮುಂಚೆ ಅವಳು ರೊಮೇನಿಯಾಕ್ಕೆ ಹೋದಳು. ಅಲ್ಲಿನ ಆಟಗಾರ್ತಿ ಡೊಯಿನಾ ಸ್ಟಾಯಿಕುಲೆಸ್ಕು ಜೊತೆ ಅಭ್ಯಾಸ ಮಾಡಿದಳು. ಎದುರಾಳಿಯ ಪಕ್ಕದಲ್ಲೇ ನಿಂತು ಕಲಿಯೋದು ಸುಮ್ನೆ ಮಾತಲ್ಲ. ಒಲಿಂಪಿಕ್ಸ್‌ನಲ್ಲಿ ಹೂಪ್ (ದೊಡ್ಡ ಬಳೆ), ಚೆಂಡು, ಕ್ಲಬ್ (ಕೈಯಲ್ಲಿ ಹಿಡಿಯುವ ಪುಟ್ಟ ಗದೆಯಂಥದ್ದು), ರಿಬ್ಬನ್ ನಾಲ್ಕೂ ಮುಗಿದಾಗ ಫಂಗ್‌ಗೆ 57.950 ಅಂಕ, ಡೊಯಿನಾಗೆ 57.900. ಈ ಆಟದ ಮೊಟ್ಟಮೊದಲ ಒಲಿಂಪಿಕ್ ಚಿನ್ನ ಫಂಗ್‌ಳದಾಯಿತು.

ಒಂದು ವಿಷಯ ಮುಚ್ಚಿಡಬಾರದು. ಸೋವಿಯತ್ ಮತ್ತು ಬಲ್ಗೇರಿಯಾದವರು ಆ ಒಲಿಂಪಿಕ್ಸನ್ನು ಬಹಿಷ್ಕರಿಸಿದ್ದರು. ಅವರು ಬಂದಿದ್ದರೆ ಲೆಕ್ಕ ಬೇರೆ ಆಗುತ್ತಿತ್ತೇನೋ. ಇದನ್ನೂ ಮಗಳಿಗೆ ಹೇಳಿ. ಆದರೆ 23ನೇ ಸ್ಥಾನ ನೋಡಿ ಫಂಗ್ ಮನೆಯಲ್ಲಿ ಕೂತುಬಿಟ್ಟಿದ್ದರೆ ಆ ದಿನ ಅಲ್ಲಿರುತ್ತಲೇ ಇರಲಿಲ್ಲ, ಅಲ್ವಾ?

ಇದೇ ಆಟದ ಇನ್ನೊಬ್ಬಳು, ದಕ್ಷಿಣ ಕೊರಿಯಾದ ಸೋನ್ ಯೋನ್ ಜೇ, ರಷ್ಯಾಕ್ಕೆ ಹೋಗಿ ತರಬೇತಿ ಪಡೆದಳು. 2012ರ ಲಂಡನ್‌ನಲ್ಲಿ 5ನೇ ಸ್ಥಾನ, 2016ರ ರಿಯೋದಲ್ಲಿ 4ನೇ ಸ್ಥಾನ. ಒಲಿಂಪಿಕ್ ಪದಕ ಬರಲೇ ಇಲ್ಲ. ಆದರೂ 2014ರಲ್ಲಿ ಇಂಚಿಯೋನ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಳು. ಅಷ್ಟು ವರ್ಷದ ಆಟ ದಂಡವಾಯಿತು ಅನ್ನೋದಕ್ಕೆ ನನಗಂತೂ ಮನಸ್ಸು ಬರುವುದಿಲ್ಲ.

ನಿಮ್ಮ ಯಜಮಾನರ ಆತಂಕ ಸುಳ್ಳಲ್ಲ. ಆದರೆ 16 ತುಂಬುವ ವರ್ಷದಿಂದ ಶುರುವಾಗುತ್ತೆ ಸೀನಿಯರ್ ವಿಭಾಗ. ಮಗಳ ಕಾಲ ಇನ್ನೂ ಮುಗಿದಿಲ್ಲ. ಪೂರ್ತಿ ಬಿಡಿಸುವ ಬದಲು ಪರೀಕ್ಷೆಯ ತಿಂಗಳುಗಳಲ್ಲಿ ಅಭ್ಯಾಸದ ಗಂಟೆ ಕಡಿಮೆ ಮಾಡಬಹುದು. ಯಜಮಾನರನ್ನು ಒಂದು ದಿನ ಅಭ್ಯಾಸ ನೋಡಲು ಕರೆದುಕೊಂಡು ಹೋಗಿ. ದೂರದಿಂದ ಆ ರಿಬ್ಬನ್ ಆಟದ ಸಾಮಾನಿನ ಹಾಗೆ ಕಾಣುತ್ತೆ. ದೊಡ್ಡವರು ಆಡುವ ರಿಬ್ಬನ್ 6 ಮೀಟರ್ ಉದ್ದ. ಅದು ಗಂಟು ಬೀಳದ ಹಾಗೆ ಕುಣಿಯೋದು ಎಷ್ಟು ಕಷ್ಟ ಅಂತ ಕಣ್ಣಾರೆ ನೋಡಲಿ.

ಇನ್ನು ಆ ಮೌನ. ಸೋಲಿನ ಬೇಸರ ಅಂತ ಅಂದುಕೊಂಡು ಬಿಟ್ಟುಬಿಡಬೇಡಿ. ಬೆನ್ನು, ಪಾದ ನೋಯುತ್ತಿದೆಯಾ ಕೇಳಿ. ತೂಕ ಇಳಿಸಬೇಕು ಅಂತ ಊಟ ಬಿಡುತ್ತಿದ್ದಾಳಾ, ಮುಟ್ಟು ನಿಂತಿದೆಯಾ ನೋಡಿ. ಇದರಲ್ಲಿ ಒಂದಿದ್ದರೂ ಮೊದಲು ಡಾಕ್ಟರ್ ಹತ್ತಿರ ಹೋಗಿ. ಸ್ಪರ್ಧೆ ಆಮೇಲೆ.

ಎಲ್ಲ ಸರಿಯಿದ್ದರೆ ಒಂದು ರಾತ್ರಿ ಪಕ್ಕದಲ್ಲಿ ಮಲಗಿ, ತಲೆ ಸವರುತ್ತಾ ಕೇಳಿ: ‘ನಿನಗೆ ಬಿಡಬೇಕು ಅನ್ನಿಸುತ್ತಿದೆಯಾ ಪುಟ್ಟಾ?’ ಹೌದು ಅಂದರೆ ಬೈಯಬೇಡಿ. ಇಲ್ಲ ಅಂದರೆ ಮರುದಿನ ಬೆಳಿಗ್ಗೆ ಆ ರಿಬ್ಬನ್ ನೀವೇ ತೆಗೆದುಕೊಡಿ.